ಜಿಪ್ಸಿ, ಜೀಪು ಎಳ್ಕೊಂಡು ಹೋಗೋಕೆ ಹಳೇ ಪಿಕಪ್ ತಗೋತಿದೀರಾ? ಇಂಜಿನ್ ಆಮೇಲೆ ನೋಡಿ, ಮೊದ್ಲು ಬ್ರೇಕು ಚಾಸಿ ನೋಡಿ

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಳೇ ಎಂಎಂ 540 ಜೀಪು, ಜಿಪ್ಸಿ, ಹಳೇ ಥಾರ್ ಇಟ್ಕೊಂಡು ಲಿಫ್ಟ್ ಮಾಡ್ಸಿ ಮಡ್ ಟೈರ್ ಹಾಕ್ಸಿ ಆಫ್‌ರೋಡ್ ಹೋಗೋ ಹುಡುಗರು ಈಗ ಸುಮಾರು ಜನ ಇದಾರೆ. ಹತ್ತಿರದ ಬೆಟ್ಟದ ಬುಡಕ್ಕೆ, ಕೆರೆ ಅಂಗಳಕ್ಕೆ ಅದರಲ್ಲೇ ಹೋಗಿ ಬರ್ಬಹುದು, ತೊಂದ್ರೆ ಇಲ್ಲ. ಆದ್ರೆ ಸಕಲೇಶಪುರ, ಕೊಡಗು ಅಂದಾಗ ಹೈವೇಲಿ ಆ ದಪ್ಪ ಟೈರಲ್ಲಿ 60ರಲ್ಲಿ ಗುಂಯ್ ಅಂತ ಹೋಗೋದು, ಎರಡು ದಿನ ಕೆಸರಲ್ಲಿ ಆಡಿ ಆಕ್ಸಲ್ಲೋ ಗೇರ್‌ಬಾಕ್ಸೋ ಕೈಕೊಟ್ರೆ ವಾಪಸ್ ಬರೋಕೆ ದಾರಿ ಇಲ್ದೇ ನಿಂತ್ಕೊಳೋದು, ಇದೆಲ್ಲ ನೋಡಿ ನೋಡಿ ಒಂದು ಹಳೇ ಪಿಕಪ್ ತಗೊಂಡು ಹಿಂದೆ ಟ್ರೈಲರ್ ಹಾಕ್ಕೊಂಡು ಹೋಗೋಣ ಅನ್ನೋ ಯೋಚನೆ ಬಂದೇ ಬರತ್ತೆ. ಒಳ್ಳೇ ಯೋಚನೆನೇ. ಆದ್ರೆ ಎಲ್ರೂ ಕೇಳೋ ಮೊದಲ್ನೇ ಪ್ರಶ್ನೆ "ಯಾವ ಗಾಡಿ ಚೆನ್ನಾಗಿ ಎಳೆಯತ್ತೆ" ಅಂತ. ಡೀಸೆಲ್ ಪಿಕಪ್ ಅಂದ್ಮೇಲೆ ಎಳೆಯೋದು ಎಲ್ಲವೂ ಎಳೆಯತ್ತೆ ಕಣ್ರೀ. ಇಳಿಜಾರಲ್ಲಿ, ಮಳೇಲಿ, ಎದುರಿಗೆ ದನ ಅಡ್ಡ ಬಂದಾಗ ಹಿಂದಿರೋ ಎರಡು ಟನ್ ಸಮೇತ ನಿಲ್ಲತ್ತಾ ಅನ್ನೋದನ್ನ ಕೇಳ್ಬೇಕು. ನಾನು ಹೇಳೋದೆಲ್ಲ ಅದರ ಸುತ್ತಲೇ ಇರತ್ತೆ.

ಪಿಕಪ್ ಹುಡ್ಕೋಕೆ ಮುಂಚೆ ನಿಮ್ಮ ಆಫ್‌ರೋಡ್ ಗಾಡಿ ತೂಕ ಗೊತ್ತು ಮಾಡ್ಕೊಳ್ಳಿ. ಬ್ರೋಷರ್ ನಂಬ್ಬೇಡಿ. ಜಿಪ್ಸಿ ಕಂಪನಿಯಿಂದ ಬಂದಾಗ ಒಂದು ಟನ್ ಆಸುಪಾಸು, ಹಳೇ ಥಾರ್ (ಸಿಆರ್‌ಡಿಇ ಡೀಸೆಲ್ ಮಾಡೆಲ್) 1.7 ಟನ್ ಹತ್ರ. ಅದಕ್ಕೆ ಕಬ್ಬಿಣದ ಬಂಪರ್, ವಿಂಚ್, ರೋಲ್ ಕೇಜ್, ದೊಡ್ಡ ಟೈರ್, ಸ್ಟೆಪ್ನಿ, ಟೂಲ್ ಬಾಕ್ಸ್, ಜೆರ್ರಿ ಕ್ಯಾನ್ ಎಲ್ಲ ಸೇರಿಸಿದ್ರೆ ಸಲೀಸಾಗಿ ಇನ್ನೂ 200 ಕೆಜಿ ಮೇಲೆ ಹೋಗತ್ತೆ. ಎಪಿಎಂಸಿ ಹತ್ರ, ಕ್ರಷರ್ ಹತ್ರ ಎಲ್ಲ ಕಡೆ ವೇ ಬ್ರಿಡ್ಜ್ ಇದೆ, ಸ್ವಲ್ಪ ದುಡ್ಡು ಕೊಟ್ರೆ ಚೀಟಿ ಸಮೇತ ತೂಕ ಸಿಗತ್ತೆ, ಟ್ಯಾಂಕ್ ಫುಲ್ ಮಾಡಿ, ಟ್ರಿಪ್‌ಗೆ ಹೋಗುವಾಗ ಏನೇನ್ ಹಾಕ್ತೀರೋ ಅಷ್ಟೂ ಹಾಕಿ ತೂಗ್ಸಿ. ಕಾರ್ ಹೊರೋ ಎರಡು ಆಕ್ಸಲ್ ಕಬ್ಬಿಣದ ಟ್ರೈಲರ್ ತಾನೇ 600-800 ಕೆಜಿ ಬರತ್ತೆ. ಅಂದ್ರೆ ಜಿಪ್ಸಿ ಆದ್ರೆ ಒಟ್ಟು ಎರಡು ಟನ್ ಸುತ್ತಮುತ್ತ, ಥಾರ್ ಆದ್ರೆ ಎರಡೂವರೆ ಟನ್ ದಾಟತ್ತೆ. ಈ ಅರ್ಧ ಟನ್ ವ್ಯತ್ಯಾಸ ಯಾವ ಪಿಕಪ್ ಅನ್ನೋದನ್ನೇ ಬದಲಾಯಿಸ್ಬಿಡತ್ತೆ. ಹಳೇ ಪಿಕಪ್ ತಗೋಳೋರಿಗೆ ಜಿಪ್ಸಿ ಎಳೆಯೋದು ಆರಾಮದ ಕೆಲ್ಸ, ಥಾರ್ ಎಳೆಯೋದು ತುಂಬ ಹುಷಾರಾಗಿ ಮಾಡ್ಬೇಕಾದ ಕೆಲ್ಸ.

ಹಗ್ಗ ಕಟ್ಕೊಂಡು ಎಳ್ಕೊಂಡು ಹೋಗ್ತೀವಿ ಅನ್ನೋರಿಗೆ ಒಂದು ಮಾತು. ಗಾಡಿ ಕೆಟ್ಟು ನಿಂತಾಗ ಹತ್ತಿರದ ಗ್ಯಾರೇಜಿಗೆ ತಲುಪಿಸೋಕೆ ಮಾತ್ರ ಅದು ಇರೋದು, ಹಿಂದಿನ ಗಾಡೀಲಿ ಲೈಸೆನ್ಸ್ ಇರೋರು ಸ್ಟೇರಿಂಗ್ ಹಿಡ್ದು ಕೂತಿರ್ಬೇಕು, ಎರಡು ಗಾಡಿ ಮಧ್ಯೆ 5 ಮೀಟರ್ ಮೀರಬಾರದು. ಚೆನ್ನಾಗಿರೋ ಜೀಪನ್ನ ಹಗ್ಗ ಹಾಕಿ ಹಾಸನದವರೆಗೆ ಎಳ್ಕೊಂಡು ಹೋಗೋದು ಟೋಯಿಂಗ್ ಅಲ್ಲ, ಅಪಾಯ. ಇನ್ನೊಂದು ನಮ್ ಕಡೆ ತುಂಬ ನೋಡ್ತೀನಿ, ಟ್ರ್ಯಾಕ್ಟರ್ ಟ್ರೈಲರ್ ಮಾಡೋ ವೆಲ್ಡಿಂಗ್ ಶಾಪಲ್ಲೇ ಅದೇ ತರದ್ದೊಂದು ಮಾಡ್ಸಿ ಪಿಕಪ್‌ಗೆ ಪಿನ್ ಹಾಕ್ಕೊಂಡು ಹೊರಟುಬಿಡೋದು. ದಯವಿಟ್ಟು ಬೇಡ. ಅದು ಟ್ರ್ಯಾಕ್ಟರ್ ಸ್ಪೀಡಿಗೆ ಮಾಡಿರೋದು, ಬ್ರೇಕ್ ಇರಲ್ಲ, ಪಿನ್ ಲೊಡಲೊಡ ಅಂತಿರತ್ತೆ, 60 ದಾಟ್ತಿದ್ದಂಗೆ ಬಾಲ ಅಲ್ಲಾಡ್ಸೋಕೆ ಶುರು ಮಾಡತ್ತೆ. ಟ್ರೈಲರ್ ಅಂದ್ರೆ ಕಾನೂನಲ್ಲಿ ಅದೂ ಒಂದು ಮೋಟಾರು ವಾಹನವೇ, ಅದಕ್ಕೂ ರಿಜಿಸ್ಟ್ರೇಷನ್ ಬೇಕು, ನಂಬರ್ ಪ್ಲೇಟ್ ಬೇಕು. ಹಾಗಾಗಿ ಟ್ರೈಲರ್‌ಗೆ ಅಡ್ವಾನ್ಸ್ ಕೊಡೋಕೆ ಮುಂಚೆನೇ ನಿಮ್ಮ ಆರ್‌ಟಿಓ ಆಫೀಸಲ್ಲಿ ಮಾತಾಡಿ, ಇನ್ಶೂರೆನ್ಸ್‌ನೋರ ಹತ್ರನೂ ಟ್ರೈಲರ್ ಸೇರಿಸಿ ಪಾಲಿಸಿ ಬರ್ದು ಕೊಡ್ತೀರಾ ಅಂತ ಕೇಳಿ. ಮತ್ತೆ ಓವರ್‌ರನ್ ಬ್ರೇಕ್ ಇರೋ ಟ್ರೈಲರೇ ಬೇಕು, ಅಂದ್ರೆ ಪಿಕಪ್ ಬ್ರೇಕ್ ಹಿಡಿದಾಗ ಟ್ರೈಲರ್ ಮುಂದಕ್ಕೆ ತಳ್ಳತ್ತಲ್ಲ, ಆ ತಳ್ಳೋ ಬಲದಿಂದಾನೇ ಟ್ರೈಲರಿನ ಬ್ರೇಕ್ ಹಿಡಿಯೋ ತರದ್ದು.

ಈಗ ಗಾಡಿಗಳ ವಿಷಯ.

ಬೊಲೆರೊ ಪಿಕಪ್, ಕ್ಯಾಂಪರ್ ನಮ್ ಕಡೆ ಎಲ್ಲಿ ನೋಡಿದ್ರೂ ಸಿಗತ್ತೆ, 2,523 ಸಿಸಿ ಇಂಜಿನ್ ಬಿಚ್ಚದೇ ಇರೋ ಮೆಕ್ಯಾನಿಕ್ ಈ ಮೂರು ಜಿಲ್ಲೇಲಿ ಇಲ್ಲ ಅಂದ್ರೂ ನಡಿಯತ್ತೆ. ಪಾರ್ಟು ಹೋಬಳಿ ಲೆವೆಲಲ್ಲೂ ಸಿಗತ್ತೆ. ಪವರ್ ಕಮ್ಮಿ, ಏರಲ್ಲಿ ಸೆಕೆಂಡ್ ಗೇರಲ್ಲಿ ತಾಳ್ಮೆಯಿಂದ ಹೋಗ್ಬೇಕು. ಜಿಪ್ಸಿ ಎಳೆಯೋರಿಗೆ, ಊರಿಂದ ನೂರೈವತ್ತು ಕಿಲೋಮೀಟರ್ ಒಳಗೆ ಓಡಾಡೋರಿಗೆ ಸಾಕು. ನಾಲ್ಕು ಜನ ಹೋಗ್ಬೇಕು ಅಂದ್ರೆ ಕ್ಯಾಂಪರ್ ನೋಡಿ. ಟಾಟಾ 207 ಡಿಐ ಇನ್ನೂ ಹಳೇದು, ಇಂಜಿನ್ ಸುಮಾರು 3 ಲೀಟರ್, ಗಟ್ಟಿ, ಆದ್ರೆ ಈಗ ಸಿಗೋವೆಲ್ಲ ಜೀವ ಸವೆಸಿರೋ ಗಾಡಿಗಳು, ತುಂಬ ಚೆನ್ನಾಗಿರೋದು ಸಿಕ್ರೆ ಮಾತ್ರ ನೋಡಿ. ಇಸುಜು ಎಸ್-ಕ್ಯಾಬ್ ನೋಡೋಕೆ ದೊಡ್ಡ ಗಾಡಿ ತರ ಕಾಣತ್ತೆ, ಅದಕ್ಕೇ ತುಂಬ ಜನ ಇಸುಜುದೇ ದೊಡ್ಡ ಪಿಕಪ್ ವಿ-ಕ್ರಾಸ್ ತರಾನೇ ಅಂದ್ಕೊತಾರೆ, ಇಂಜಿನ್ 78 ಪಿಎಸ್ ಪವರ್, 176 ಎನ್‌ಎಂ ಟಾರ್ಕ್ (ತಿರುಗಿಸೋ ಬಲ) ಅಷ್ಟೇ, ಎರಡು ಟನ್ ಹಿಂದೆ ಹಾಕ್ಕೊಂಡ್ರೆ ಏರಲ್ಲಿ ಉಸಿರು ಬಿಡತ್ತೆ.

ದುಡ್ಡು ಸ್ವಲ್ಪ ಜಾಸ್ತಿ ಇದ್ರೆ ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಕ್ಸೆನಾನ್ 2.2, ಇಸುಜು ವಿ-ಕ್ರಾಸ್ 2.5, ಈ ಮೂರರಲ್ಲಿ ಒಂದು. ಗೆಟ್‌ಅವೇಲಿ ಎಂಹಾಕ್ ಅನ್ನೋ 2.2 ಲೀಟರ್ ಇಂಜಿನ್ ಇರೋದನ್ನ ಹುಡ್ಕಿ, ಸ್ಕಾರ್ಪಿಯೋ ಮೆಕ್ಯಾನಿಕ್ ಎಲ್ಲ ಕಡೆ ಇರೋದ್ರಿಂದ ಇಂಜಿನ್ ಗೇರ್‌ಬಾಕ್ಸ್ ಚಿಂತೆ ಇಲ್ಲ, ಆದ್ರೆ ಹಿಂದಿನ ಟಬ್ಬು, ಟೈಲ್‌ಗೇಟು ಅದಕ್ಕೇ ಅಂತ ಇರೋವು, ಹುಡುಕ್ಬೇಕಾಗತ್ತೆ. ಕ್ಸೆನಾನ್ 2009ರಲ್ಲಿ ಬಂತು, 140 ಪಿಎಸ್, 320 ಎನ್‌ಎಂ, ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) 3,150 ಎಂಎಂ. ಈ ಉದ್ದ ಟೋಯಿಂಗಿಗೆ ಬಹಳ ಒಳ್ಳೇದು, ಎಳೆಯೋ ಗಾಡಿ ಉದ್ದ ಇದ್ದಷ್ಟೂ ಹಿಂದಿನ ಟ್ರೈಲರ್ ಅದನ್ನ ಅಡ್ಡ ಎಳೆಯೋಕೆ ಆಗಲ್ಲ. ಅದೇ ಕಾರಣಕ್ಕೆ ಶಾರ್ಟ್ ವೀಲ್‌ಬೇಸ್ ಜೀಪಲ್ಲಿ ಟ್ರೈಲರ್ ಎಳೆಯೋ ಆಸೆ ಬಿಡಿ. ವಿ-ಕ್ರಾಸ್ 2016ರಲ್ಲಿ ಬಂತು, 134 ಪಿಎಸ್, ಇದಕ್ಕೂ 320 ಎನ್‌ಎಂ, ಅದೂ 1,800 ಆರ್‌ಪಿಎಂನಲ್ಲೇ ಸಿಗತ್ತೆ, ಕ್ಲಚ್ ಸುಡದೇ ಏರು ಹತ್ತೋಕೆ ಇಂಥ ಟಾರ್ಕೇ ಬೇಕಾಗಿರೋದು. ನನ್ನ ಮಟ್ಟಿಗೆ ಥಾರ್ ಎಳೆಯೋ ಯೋಚನೆ ಇದ್ರೆ ವಿ-ಕ್ರಾಸೇ ಸರಿ, ಬೆಲೆ ಜಾಸ್ತಿ ಆದ್ರೂ. ಜಿಪ್ಸಿಗೆ ಚೆನ್ನಾಗಿ ಇಟ್ಟಿರೋ ಕ್ಸೆನಾನ್ ಸಿಕ್ರೆ ಅದಕ್ಕಿಂತ ಲಾಭದ ವ್ಯಾಪಾರ ಇಲ್ಲ.

ಹೊರದೇಶದಲ್ಲಿ ಡಿ-ಮ್ಯಾಕ್ಸ್ (ವಿ-ಕ್ರಾಸಿನ ಅಲ್ಲಿನ ರೂಪ) 3.5 ಟನ್ ಎಳೆಯತ್ತೆ ಅಂತ ವಿಡಿಯೋ ನೋಡಿ ಇಲ್ಲೂ ಅಷ್ಟೇ ಅಂದ್ಕೊಬೇಡಿ. ಅಲ್ಲಿನ ಇಂಜಿನ್ ಬೇರೆ, ಹಿಚ್ (ಟ್ರೈಲರ್ ಸಿಕ್ಕಿಸೋ ಕೊಂಡಿ) ಬೇರೆ, ಟ್ರೈಲರ್ ಬ್ರೇಕ್ ಬೇರೆ.

ಫೋರ್ ವೀಲ್ ಡ್ರೈವ್ ಬೇಕಾ ಅಂತ ಕೇಳ್ತಾರೆ. ಟಾರ್ ರೋಡಲ್ಲಿ ಎಳೆಯೋಕೆ ಬೇಡ, ಬೇಕಾದಾಗ ಮಾತ್ರ ಹಾಕೋ ಪಾರ್ಟ್ ಟೈಮ್ ಫೋರ್ ವೀಲನ್ನ ಒಣ ಟಾರ್ ಮೇಲೆ ಹಾಕಲೇಬಾರದು, ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಪವರ್ ಹಂಚೋ ಟ್ರಾನ್ಸ್‌ಫರ್ ಕೇಸ್ ಕಚ್ಕೊಳತ್ತೆ. ಆದ್ರೆ ಕ್ಯಾಂಪ್ ಜಾಗದಲ್ಲಿ ಒದ್ದೆ ಹುಲ್ಲಿನ ಮೇಲೆ ಟ್ರೈಲರ್ ಸಮೇತ ನಿಲ್ಸಿ ಮಾರನೇ ದಿನ ತೆಗೆಯೋವಾಗ ಅದರ ಬೆಲೆ ಗೊತ್ತಾಗತ್ತೆ. ಇದ್ರೆ ಒಳ್ಳೇದು, ಇಲ್ಲ ಅಂತ ಒಳ್ಳೇ ಗಾಡಿ ಬಿಡ್ಬೇಡಿ.

ಮಾಡೆಲ್‌ಗಿಂತ ಮುಖ್ಯ ಆ ಗಾಡಿ ಇಷ್ಟು ವರ್ಷ ಏನ್ ಹೊತ್ತಿದೆ ಅನ್ನೋದು. ನಮ್ ಜಿಲ್ಲೆಗಳಲ್ಲಿ ಪಿಕಪ್ ಅಂದ್ರೆ ದುಡಿಯೋ ಗಾಡಿ, ಸುಮ್ನೆ ನಿಂತಿರಲ್ಲ. ಕೋಲಾರದ ಗಾಡಿ ಆದ್ರೆ ಟೊಮ್ಯಾಟೊ ಹೊತ್ತಿರತ್ತೆ, ಒಂದು ಕ್ರೇಟು 15 ಕೆಜಿ, ಸೀಸನ್ನಲ್ಲಿ ಬಾಡಿ ಮೇಲಕ್ಕೆ ಎಷ್ಟು ಸಾಲು ಕಟ್ತಾರೆ ಅಂತ ಮಾರ್ಕೆಟ್ ಹತ್ರ ನಿಂತು ನೋಡಿದ್ರೆ ಗೊತ್ತಾಗತ್ತೆ, ಅದರ ಜೊತೆ ಕೊಳೆತ ಹಣ್ಣಿನ ರಸ ಇಳಿದು ಇಳಿದು ಬಾಡಿ ತಳ ತುಕ್ಕು ಹಿಡ್ದಿರತ್ತೆ. ಚಿಕ್ಕಬಳ್ಳಾಪುರದ ಹೂವಿನ ಗಾಡಿಗಳಲ್ಲಿ ಭಾರ ಕಮ್ಮಿ, ಆದ್ರೆ ಬೆಳಗಿನ ಜಾವ ಮಾರ್ಕೆಟ್ ಮುಟ್ಟಿಸೋ ಆತುರದಲ್ಲಿ ಇಂಜಿನ್ ಟರ್ಬೊ ಚೆನ್ನಾಗಿ ದುಡಿದಿರತ್ತೆ. ಅದೇ ಕಡೆ ಕ್ರಷರ್‌ಗೆ ಓಡಿರೋ ಗಾಡಿ ಆದ್ರೆ ಬಾಗಿಲೂ ತೆಗೀಬೇಡಿ, ವಾಪಸ್ ಬನ್ನಿ. ಕೋಳಿ ಸಾಗ್ಸಿರೋ ಗಾಡಿ ಕಡಿಮೆ ರೇಟಿಗೆ ಸಿಗತ್ತೆ, ಕೋಳಿ ಗೊಬ್ಬರದ ತೇವ ಕಬ್ಬಿಣಾನ ಹೇಗೆ ತಿನ್ನತ್ತೆ ಅಂತ ಚಾಸಿ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಒಳಗೆ ಟಾರ್ಚ್ ಬಿಟ್ಟು ನೋಡಿ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಗಾಡಿ, ಹಾಲಿನ ಗಾಡಿ, ತೋಟದ ಮನೆಯವರು ಸ್ವಂತಕ್ಕೆ ಇಟ್ಕೊಂಡಿರೋ ಗಾಡಿ, ಇಂಥವು ನನ್ನ ಲೆಕ್ಕದಲ್ಲಿ ಹೆಚ್ಚು ದುಡ್ಡು ಕೊಟ್ಟಾದ್ರೂ ತಗೋಬಹುದಾದ್ದು. ಮಂಗಳೂರು, ಗೋವಾ ಕಡೆಯಿಂದ ಬಂದಿದ್ರೆ ಉಪ್ಪು ಗಾಳಿ ತುಕ್ಕು ನೋಡಿ.

ಓನರ್ ನಿಜ ಹೇಳ್ದಿದ್ರೂ ಗಾಡಿ ಹೇಳತ್ತೆ. ಹಿಂದಿನ ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗ್) ಎಣ್ಸಿ, ಕಂಪನಿ ಕೊಟ್ಟಿದ್ದಕ್ಕಿಂತ ಒಂದೋ ಎರಡೋ ಬ್ಲೇಡ್ ಜಾಸ್ತಿ ಹಾಕ್ಸಿದ್ರೆ ಅದು ಓವರ್‌ಲೋಡಲ್ಲೇ ಬದುಕಿರೋ ಗಾಡಿ. ಮಾರೋನು "ಬ್ಲೇಡ್ ಎಕ್ಸ್‌ಟ್ರಾ ಇದೆ ಸರ್, ನಿಮ್ಗೆ ಟ್ರೈಲರ್‌ಗೆ ಒಳ್ಳೇದು" ಅಂತಾನೆ. ಬ್ಲೇಡ್ ಏನೋ ತಡ್ಕೊಂಡಿರತ್ತೆ, ಆ ಭಾರ ಚಾಸಿ, ಆಕ್ಸಲ್ ಹೌಸಿಂಗ್, ಹಬ್ ಬೇರಿಂಗ್ ಮೇಲೂ ಬಿದ್ದಿತ್ತಲ್ಲ.

ಚಾಸಿ ನೋಡೋಕೆ ಹಳೇ ಬಟ್ಟೆ ಹಾಕ್ಕೊಂಡೇ ಹೋಗಿ, ಕೆಳಗೆ ಮಲಗ್ಲೇಬೇಕು. ಬ್ಲೇಡಿನ ಬ್ರಾಕೆಟ್ ಚಾಸಿಗೆ ಸೇರೋ ಜಾಗ, ಕ್ಯಾಬಿನ್ ಮುಗಿದು ಬಾಡಿ ಶುರುವಾಗೋ ಜಾಗ, ಹಿಂದಿನ ಕ್ರಾಸ್ ಮೆಂಬರ್, ಈ ಮೂರು ಕಡೆ ಬಿರುಕು, ವೆಲ್ಡಿಂಗ್ ಗೆರೆ, ಅಡ್ಡಡ್ಡ ಪಟ್ಟಿ ಹಚ್ಚಿರೋದು ಹುಡ್ಕಿ. ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ರೆ ಅನುಮಾನ ಪಡಿ, ಸಣ್ಣ ಸುತ್ತಿಗೇಲಿ ತಟ್ಟಿ ನೋಡಿ, ಗಟ್ಟಿ ಕಬ್ಬಿಣಕ್ಕೆ ಟಣ್ ಅನ್ನತ್ತೆ, ತುಕ್ಕು ತಿಂದಿದ್ರೆ ಪೊಳ್ಳು ಸದ್ದು. ನೀವು ಟೋ ಹಿಚ್ ಕೂರ್ಸೋದು ಆ ಹಿಂದಿನ ತುದೀಲೇ, ಅಲ್ಲೇ ವೆಲ್ಡಿಂಗ್ ಕಂಡ್ರೆ ಎಷ್ಟೇ ಕಡಿಮೆಗೆ ಕೊಟ್ರೂ ಬೇಡ. ಆಮೇಲೆ ಸಮತಟ್ಟು ಜಾಗದಲ್ಲಿ ಹಿಂದೆ ದೂರ ನಿಂತು ನೋಡಿ, ಬಾಡಿ ಕ್ಯಾಬಿನ್ ಒಂದೇ ಗೆರೇಲಿ ಇದೆಯಾ, ಒಂದು ಕಡೆ ವಾಲಿದೆಯಾ ಅಂತ.

ಬ್ರೇಕಿಗೆ ಬನ್ನಿ. ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ರ ಒಂದು ಕಡ್ಡಿ ತರ ಕನೆಕ್ಟ್ ಆಗಿರೋ ವಾಲ್ವ್ ಇರತ್ತೆ, ಎಲ್‌ಎಸ್‌ಪಿವಿ ಅಂತಾರೆ, ಹಿಂದೆ ಭಾರ ಎಷ್ಟಿದೆ ಅಂತ ನೋಡ್ಕೊಂಡು ಹಿಂದಿನ ಬ್ರೇಕಿಗೆ ಪ್ರೆಷರ್ ಕೊಡೋದು ಅದರ ಕೆಲ್ಸ. ಹಳೇ ಗಾಡಿಗಳಲ್ಲಿ ಅದು ಜಾಮ್ ಆಗಿರತ್ತೆ, ಇಲ್ಲ ಮೆಕ್ಯಾನಿಕ್ ತೆಗೆದು ನೇರ ಪೈಪ್ ಕೊಟ್ಟಿರ್ತಾನೆ. ಟ್ರೈಲರ್ ಮೂತಿ (ಪಿಕಪ್‌ಗೆ ಸಿಕ್ಕಿಸೋ ಮುಂದಿನ ತುದಿ) ಭಾರ ಹಿಂದೆ ಕೂತಾಗ ಈ ವಾಲ್ವ್ ಕೆಲ್ಸ ಮಾಡ್ಲೇಬೇಕು, ಅದಕ್ಕೆ ಕಡ್ಡಿ ಹಿಡಿದು ಅಲ್ಲಾಡ್ಸಿ ನೋಡಿ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿ ಆದ್ಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗಿಳಿದ್ರೆ ಬೂಸ್ಟರ್ ಸರಿ ಇದೆ, ನಿಧಾನಕ್ಕೆ ತಳಕ್ಕೇ ಹೋದ್ರೆ ಮಾಸ್ಟರ್ ಸಿಲಿಂಡರ್ ಹೋಗಿದೆ ಇಲ್ಲ ಎಲ್ಲೋ ಲೀಕ್ ಇದೆ. ಹಿಂದಿನ ಡ್ರಮ್ ಒಂದನ್ನಾದ್ರೂ ಬಿಚ್ಚಿಸಿ, ಲೈನರ್ ಮೇಲೆ ಆಯಿಲ್ ಕಂಡ್ರೆ ಆಕ್ಸಲ್ ಸೀಲ್ ಹೋಗಿದೆ. ಮಾರೋರು ಬಿಚ್ಚೋಕೆ ಒಪ್ಪಲ್ಲ ಅಂದ್ರೆ ಅದೇ ಉತ್ತರ ಅಂದ್ಕೊಳ್ಳಿ. ಹ್ಯಾಂಡ್‌ಬ್ರೇಕ್ ಏರಲ್ಲಿ ಟೆಸ್ಟ್ ಮಾಡಿ, ಸಮತಟ್ಟಲ್ಲಿ ಬೇಡ.

ಇಂಜಿನ್ ನೋಡೋಕೆ ಬೆಳಗ್ಗೆನೇ ಹೋಗಿ, ಹೇಳಿದ ಟೈಮಿಗಿಂತ ಸ್ವಲ್ಪ ಮುಂಚೆ. ಬಾನೆಟ್ ಮುಟ್ಟಿ, ಬಿಸಿ ಇದ್ರೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ಇನ್ನೊಂದು ದಿನ ಬರ್ತೀವಿ ಅಂತ ಹೇಳಿ ಬನ್ನಿ. ತಣ್ಣಗಿನ ಇಂಜಿನ್ನೇ ನಿಜ ಹೇಳೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ದಿದ್ರೆ ಕೂಲಂಟ್ ಒಳಗೆ ಹೋಗ್ತಿದೆ ಇಲ್ಲ ಇಂಜೆಕ್ಟರ್ ಸರಿಯಿಲ್ಲ, ಏರಲ್ಲಿ ಸ್ವಲ್ಪ ಕಪ್ಪು ಹೊಗೆ ಹಳೇ ಡೀಸೆಲಲ್ಲಿ ಸಹಜ, ಮೋಡದಂಗೆ ಬಂದ್ರೆ ಅಲ್ಲ. ಐಡ್ಲಿಂಗಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿ, ಹೊಗೆ ಫುಸ್ ಫುಸ್ ಅಂತ ಮುಖಕ್ಕೆ ಬಂದ್ರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಕೆಲ್ಸ ಹತ್ರ ಇದೆ. ರೇಡಿಯೇಟರ್, ಫ್ಯಾನು ಬಗ್ಗೆ ಯಾರೂ ತಲೆ ಕೆಡಿಸ್ಕೊಳಲ್ಲ, ಆದ್ರೆ ಭಾರ ಎಳ್ಕೊಂಡು ನಿಧಾನಕ್ಕೆ ಏರು ಹತ್ತೋವಾಗ ಗಾಳಿ ಬರೋದು ಫ್ಯಾನಿಂದ ಮಾತ್ರ. ಖಾಲಿ ಗಾಡೀಲಿ ಎಂದೂ ಹೀಟ್ ಆಗದೇ ಇರೋದು ಟ್ರೈಲರ್ ಹಾಕಿದ ದಿನ ಕುದಿಯೋದು ಇದಕ್ಕೇ. ತಗೊಂಡ ಮೇಲೆ ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡ್ಸೋದು, ಹೋಸ್ ಪೈಪು ಎಲ್ಲ ಹೊಸದು ಹಾಕೋದು ಖರ್ಚಿನ ಲೆಕ್ಕದಲ್ಲೇ ಸೇರಿಸಿ.

ಕ್ಲಚ್‌ಗೆ ಹ್ಯಾಂಡ್‌ಬ್ರೇಕ್ ಎಳ್ದು ಥರ್ಡ್ ಗೇರ್ ಹಾಕಿ ನಿಧಾನಕ್ಕೆ ಬಿಡಿ, ಇಂಜಿನ್ ಆಫ್ ಆಗ್ಬೇಕು, ಆಗದೇ ಓಡ್ತಾನೇ ಇದ್ರೆ ಕ್ಲಚ್ ಮುಗಿದಿದೆ. ಓಡ್ಸೋವಾಗ ಕಿಟಕಿ ಇಳ್ಸಿ, ರೇಡಿಯೋ ಆಫ್ ಮಾಡಿ. ಆಕ್ಸಿಲರೇಟರ್ ಒತ್ತಿದಾಗ ಒಂದು ತರ, ಬಿಟ್ಟಾಗ ಇನ್ನೊಂದು ತರ ಹಿಂದಿಂದ ಊಳೋ ಸದ್ದು ಬಂದ್ರೆ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ಒಳಗಿನ ಗೇರ್) ಸವೆದಿದೆ. ಗಾಡಿ ಹೊರಡೋವಾಗ ಕೆಳಗೆ ಟಕ್ ಅಂದ್ರೆ ಪ್ರೊಪೆಲರ್ ಶಾಫ್ಟ್ ಜಾಯಿಂಟು, ಒಂದು ಸ್ಪೀಡಲ್ಲಿ ಮಾತ್ರ ನಡುಗಿದ್ರೆ ಸೆಂಟರ್ ಬೇರಿಂಗು. ಜಾಯಿಂಟು ಬೇರಿಂಗು ಸಣ್ಣ ಖರ್ಚು, ಕ್ರೌನ್ ದೊಡ್ಡದು. ದೇವರಾಯನದುರ್ಗದ ಏರಿನ ಹತ್ರ ಇರೋರು ಟೆಸ್ಟ್ ಡ್ರೈವ್‌ಗೆ ಅಲ್ಲಿಗೇ ಹೋಗಿ, ಏರಲ್ಲಿ ನಿಲ್ಸಿ ಮತ್ತೆ ಹೊರಡ್ಸಿ, ಇಳಿಯೋವಾಗ ಸೆಕೆಂಡ್ ಗೇರಲ್ಲಿ ಬರಿ ಇಂಜಿನ್ ಹಿಡಿತದಲ್ಲಿ ಇಳ್ಸಿ ನೋಡಿ, ಗೇರ್ ತಾನೇ ನ್ಯೂಟ್ರಲ್‌ಗೆ ಹಾರಿದ್ರೆ ಗೇರ್‌ಬಾಕ್ಸ್ ಸವೆದಿದೆ. ಟೋಯಿಂಗಲ್ಲಿ ಇದು ಆಗ್ಲೇಬಾರದು.

ಟೈರ್ ಮೇಲೆ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಕೊನೇ ಎರಡು ವರ್ಷ. ಬಟನ್ (ಟೈರ್ ಮೇಲಿನ ಅಚ್ಚು) ಚೆನ್ನಾಗಿದ್ರೂ ಹಳೇ ಟೈರಲ್ಲಿ ಟ್ರೈಲರ್ ಎಳೀಬೇಡಿ.

ಪೇಪರ್ಸ್ ಬಗ್ಗೆ. ಬಿಳಿ ಬೋರ್ಡಾ ಹಳದಿ ಬೋರ್ಡಾ ಮೊದ್ಲು ನೋಡಿ. ಬಿಳಿ ಬೋರ್ಡ್‌ಗೆ ಆರ್‌ಸಿ 15 ವರ್ಷ, ಆಮೇಲೆ ರಿನ್ಯೂವಲ್ಲು, ಗ್ರೀನ್ ಟ್ಯಾಕ್ಸು. ಹಳದಿ ಬೋರ್ಡ್ ಆದ್ರೆ 8 ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ತಿಂಗಳಿಗೊಂದು ಟ್ರಿಪ್ ಹೋಗೋರಿಗೆ ಇದು ತಲೆನೋವೇ. ಲೈಸೆನ್ಸ್ ಚಿಂತೆ ಬೇಡ, 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಎಲ್‌ಎಂವಿ (ಕಾರ್ ಓಡ್ಸೋ) ಲೈಸೆನ್ಸಲ್ಲೇ ಓಡಿಸ್ಬಹುದು ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2024ರ ನವೆಂಬರಲ್ಲಿ ಹೇಳಿದೆ. ಲೋನ್ ತೀರಿದ್ರೂ ಆರ್‌ಸೀಲಿ ಎಚ್‌ಪಿ (ಸಾಲದ ನಮೂದು) ಹಾಗೇ ಇರೋ ಪಿಕಪ್‌ಗಳು ಬಹಳ, ಅದನ್ನ ತೆಗ್ಸೋ ಫಾರಂ 35, ಬ್ಯಾಂಕಿನ ಎನ್‌ಓಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ. ಫಾರಂ 29, 30ಕ್ಕೆ ಸೈನ್ ಹಾಕ್ಸಿ ಇಟ್ಕೊಂಡು ಟ್ರಾನ್ಸ್‌ಫರ್ ಮಾಡಿಸ್ದೇ ಓಡ್ಸೋದು ಬೇಡ, ಬಾಕಿ ಚಲನ್ ಪರಿವಾಹನ್ ಸೈಟಲ್ಲಿ ನೋಡಿ. ಡೆಲ್ಲೀಲಿ ಹಳೇ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಇರೋದ್ರಿಂದ ಆ ಕಡೆ ಗಾಡಿ ಚೀಪಾಗಿ ಕಾಣತ್ತೆ, ಇಲ್ಲಿಗೆ ತಂದು ಮತ್ತೆ ಲೈಫ್ ಟ್ಯಾಕ್ಸ್ ಕಟ್ಟೋ ಲೆಕ್ಕ ಹಾಕಿ, ಆಮೇಲೆ ಚೀಪಾ ಅಂತ ಹೇಳಿ. ನನ್ನ ಸಲಹೆ ಕೆಎ 06, 07, 40, 64 ಇಂಥ ಹತ್ತಿರದ ನಂಬರ್ ಗಾಡಿನೇ ಹುಡ್ಕಿ, ಹಳೇ ಮೆಕ್ಯಾನಿಕ್ ಯಾರು ಅಂತ ವಿಚಾರ್ಸಿ ಹೋಗಿ ಕೇಳೋಕಾದ್ರೂ ಆಗತ್ತೆ.

ಗಾಡಿ ಬಂದ್ಮೇಲೆ ಹಿಚ್. ಬಂಪರ್‌ಗೆ ವೆಲ್ಡ್ ಮಾಡಿರೋ ಬಾಲ್ (ಟ್ರೈಲರ್ ಸಿಕ್ಕಿಸೋ ಗುಂಡು) ಶೋಕಿಗೆ, ಎಳೆಯೋಕಲ್ಲ. ಚಾಸಿಯ ಎರಡೂ ಕೋಲಿಗೆ ಹೈ ಟೆನ್ಸೈಲ್ ಬೋಲ್ಟ್ ಹಾಕಿ ಕೂರ್ಸಿರ್ಬೇಕು, 50 ಎಂಎಂ ಬಾಲು, ಎರಡು ಸೇಫ್ಟಿ ಚೈನು ಮೂತಿ ಕೆಳಗೆ ಅಡ್ಡಡ್ಡ ಹಾಯ್ಸಿ, ಬ್ರೇಕ್ ಲೈಟು ಇಂಡಿಕೇಟರು ಟ್ರೈಲರ್‌ಗೂ ಬರ್ಬೇಕು. ಜೀಪನ್ನ ಮುಖ ಮುಂದೆ ಮಾಡಿ ಹತ್ತಿಸಿ, ಇಂಜಿನ್ ಮುಂದಿರೋದ್ರಿಂದ ಮೂತಿ ಮೇಲೆ ಭಾರ ಕೂರತ್ತೆ. ಒಟ್ಟು ತೂಕದ ಹತ್ತನೇ ಒಂದು ಭಾಗ ಮೂತಿ ಮೇಲಿರ್ಬೇಕು, ಎರಡು ಟನ್‌ಗೆ 200 ಕೆಜಿ. ಅಳೆಯೋದು ಸುಲಭ, ವೇ ಬ್ರಿಡ್ಜಲ್ಲಿ ಪಿಕಪ್ ಒಂದೇ ತೂಗ್ಸಿ, ಆಮೇಲೆ ಟ್ರೈಲರ್ ಸಿಕ್ಕಿಸ್ಕೊಂಡು ಪಿಕಪ್ ಮಾತ್ರ ಪ್ಲೇಟ್ ಮೇಲೆ ಬರೋಹಾಗೆ ನಿಲ್ಸಿ ತೂಗ್ಸಿ, ವ್ಯತ್ಯಾಸಾನೇ ಮೂತಿ ಭಾರ. ಕಮ್ಮಿ ಇದ್ರೆ ಜೀಪನ್ನ ಒಂದು ಗೇಣು ಮುಂದಕ್ಕೆ, ಜಾಸ್ತಿ ಇದ್ರೆ ಹಿಂದಕ್ಕೆ. ಬಾಲ ಅಲ್ಲಾಡೋ ಟ್ರೈಲರಲ್ಲಿ ಸಾಮಾನ್ಯವಾಗಿ ಮೂತಿ ಭಾರ ಕಮ್ಮಿನೇ ಇರತ್ತೆ. ಅಲ್ಲಾಡೋಕೆ ಶುರುವಾದ್ರೆ ಗಾಬರಿಯಾಗಿ ಬ್ರೇಕ್ ತುಳೀಬೇಡಿ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ತಾನೇ ನಿಲ್ಲತ್ತೆ.

ಮೊದಲ್ನೇ ಸಲ ಎಳ್ಕೊಂಡು ಹೊರಟಾಗ ಹತ್ತು ಹದಿನೈದು ಕಿಲೋಮೀಟರ್ ಆದ್ಮೇಲೆ ಅಗಲ ಜಾಗ ನೋಡಿ ನಿಲ್ಸಿ. ಜೀಪು ಕಟ್ಟಿರೋ ಬೆಲ್ಟ್ ಸಡಿಲ ಆಗಿರತ್ತೆ, ಮತ್ತೆ ಬಿಗಿ ಮಾಡಿ, ಬಾಲ್ ಲಾಕ್ ನೋಡಿ, ಪಿಕಪ್‌ದೂ ಟ್ರೈಲರ್‌ದೂ ಎಲ್ಲ ಚಕ್ರದ ಹಬ್ ಹತ್ರನೂ ಕೈ ತಂದು ನೋಡಿ. ಎಲ್ಲ ಒಂದೇ ತರ ಬೆಚ್ಚಗಿದ್ರೆ ಸರಿ, ಒಂದೇ ಒಂದು ಮಾತ್ರ ಸುಡ್ತಿದ್ರೆ ಬೇರಿಂಗ್ ಟೈಟ್ ಆಗಿದೆ ಇಲ್ಲ ಬ್ರೇಕ್ ಹಿಡ್ಕೊಂಡಿದೆ, ಅದನ್ನ ಸರಿ ಮಾಡಿಸ್ದೇ ಮುಂದಕ್ಕೆ ಹೋಗ್ಬೇಡಿ.